ಕ್ರಿಕೆಟ್ ಬಿಟ್ಟು ಓಟಗಾರ್ತಿಯರ ಬಗ್ಗೆನೂ ಬರೀರಿ

ಸಂಪಾದಕರೇ,

ಧಾರವಾಡದ ಆರ್.ಎನ್. ಶೆಟ್ಟಿ ಸ್ಟೇಡಿಯಂಗೆ ಬೆಳಿಗ್ಗೆ ವಾಕಿಂಗ್ ಹೋದಾಗ ಒಬ್ಬಾಕಿ ಹುಡುಗಿ ಬಾಯಿಬಿಟ್ಟ ಶೂಗೆ ದಾರ ಸುತ್ಕೊಂಡು ಓಡೋದು ದಿನಾ ನೋಡ್ತೀನ್ರಿ, ಆಕಿನ್ನ ನೋಡ್ದಾಗೆಲ್ಲ ಕೆನ್ಯಾದ ಟೆಗ್ಲಾ ಲೊರೂಪೆ ನೆನಪಾಗ್ತಾಳ. ಸಣ್ಣಾಕಿದ್ದಾಗ ಶಾಲಿಗೆ 10 ಕಿ.ಮೀ. ಬರಿಗಾಲಲ್ಲೇ ಓಡಿ ಹೋಗಾಕಿ, 1994ರಾಗ ನ್ಯೂಯಾರ್ಕ್ ಮ್ಯಾರಥಾನ್ ಗೆದ್ಲು, ಮರುವರ್ಷ ಮತ್ತ ಗೆದ್ಲು. ಅಷ್ಟಕ್ಕ ಸುಮ್ನ ಕುಂದರಲಿಲ್ಲ, 2003ರಾಗ ಶಾಂತಿ ಪ್ರತಿಷ್ಠಾನ ಕಟ್ಟಿ, ದನ ಕದಿಯೋ ಜಗಳದಾಗ ಬಡಿದಾಡ್ಕೊಳ್ಳೋ ಬುಡಕಟ್ಟಿನ ಮಂದೀನ ಒಂದೇ ರೇಸ್‌ನಾಗ ಓಡ್ಸಿದ್ಲು! 2016ರ ರಿಯೋ ಒಲಿಂಪಿಕ್ಸ್‌ಗೆ 10 ಮಂದಿ ನಿರಾಶ್ರಿತರ ಟೀಮ್ ಹೋಗಿತ್ತಲ್ಲ, ಅದಕ್ಕ ಮುಖ್ಯಸ್ಥೆನೂ ಆಕಿನೇ. ಕ್ರಿಕೆಟ್ಟಿಗೆ ಇಡೀ ಪೇಜ್ ಕೊಡ್ತೀರಿ, ಇಂಥವ್ರಿಗೆ ವಾರಕ್ಕೊಂದು ಕಾಲಂ ಕೊಡಾಕ ಏನ್ರೀ ತ್ರಾಸು?

– ಒಬ್ಬ ಓದುಗ, ಧಾರವಾಡ