ಕೈಗುಣದ ಮಾತು ಬಿಡು

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂತು. ಮನೆಯ ಸುದ್ದಿ, ಕೆಲಸದ ಸುದ್ದಿ ಎಲ್ಲ ಅತ್ತಿಗೆ ಫೋನಿನಲ್ಲಿ ಆಗಲೇ ಹೇಳಿದ್ದಾರೆ, ಅದರ ಮಾತು ಈಗ ಬೇಡ. ಎರಡು ಬೆಕ್ಕಿನ ಮರಿ ತಂದದ್ದು, ಮೂರನೇ ದಿನಕ್ಕೆ ಕೆಂಚು ಮರಿಗೆ ಭೇದಿ ಶುರುವಾದದ್ದು ಓದಿದಾಗಲೂ ನನಗೆ ಅಂಥ ಗಾಬರಿಯೇನೂ ಆಗಲಿಲ್ಲ. ಹೊಸ ಮನೆಗೆ ಬಂದ ಮರಿಗಳಿಗೆ ಹೊಟ್ಟೆ ಕೆಡುವುದು ತೀರಾ ಮಾಮೂಲು. ಆದರೆ ಕೊನೆಗೆ ಒಂದು ಮಾತು ಬರೆದಿದ್ದೀಯಲ್ಲ, "ಅಲ್ಲಿ ಚೆನ್ನಾಗೇ ಇತ್ತು ಚಿಕ್ಕಪ್ಪ, ನನ್ನ ಕೈಗುಣವೇ ಸರಿಯಿಲ್ಲ ಅನ್ನಿಸುತ್ತೆ, ಸಾಯೋ ಮೊದಲು ವಾಪಸ್ ಕೊಟ್ಟುಬಿಡಲಾ" ಅಂತ. ಅದನ್ನು ಓದಿದ ಮೇಲೆ ಮನಸ್ಸು ಬೇರೆ ಯಾವುದಕ್ಕೂ ಹೋಗಲಿಲ್ಲ.

ನಿನ್ನ ಕೈಗೂ ಅದರ ಹೊಟ್ಟೆಗೂ ಏನು ಸಂಬಂಧ ಹೇಳು? ಅದು ಬರುವಾಗಲೇ ಅರ್ಧ ತೊಂದರೆ ಹೊತ್ತುಕೊಂಡೇ ಬಂದಿರುತ್ತದೆ. ದುಂಡು ಹುಳು ಅಂತ ಇದೆಯಲ್ಲ, ಉದ್ದಕ್ಕೆ, ಬೆಳ್ಳಗೆ ಇರುತ್ತದೆ, ಅದು ತಾಯಿಯ ಹಾಲಿನಲ್ಲೇ ಮರಿಗೆ ಹೋಗುತ್ತದೆ. ನೀನು ಆ ಮರಿಯನ್ನು ನೋಡುವ ಮೊದಲೇ ಹೋಗಿರುತ್ತದೆ. ಅದಕ್ಕೇ ಮರಿಗಳಿಗೆ ಎರಡು ಮೂರು ವಾರದಿಂದಲೇ ಹುಳದ ಔಷಧಿ ಶುರು ಮಾಡಿ, ಎರಡು ವಾರಕ್ಕೊಮ್ಮೆ ಮತ್ತೆ ಮತ್ತೆ ಹಾಕುವುದು. ಒಂದು ಸಲ ಹಾಕಿದರೆ ಮುಗಿಯಿತು ಅಂತಲ್ಲ. ಇನ್ನು ಕಾಕ್ಸಿಡಿಯಾ, ಜಿಯಾರ್ಡಿಯಾ ಅಂತ ಕಣ್ಣಿಗೆ ಕಾಣದ ಪರಾವಲಂಬಿ ಕ್ರಿಮಿಗಳು ಬೇರೆ ಇವೆ. ಹತ್ತಾರು ಮರಿಗಳು ಒಟ್ಟಿಗಿರುವ ಕಡೆ ಒಂದರಿಂದ ಒಂದಕ್ಕೆ ಬಂದು ಕರುಳಲ್ಲಿ ಸುಮ್ನೆ ಕೂತಿರುತ್ತವೆ. ಜಾಗ ಬದಲಾಗಿ, ತಾಯಿ ಬಿಟ್ಟು, ಹೊಸ ವಾಸನೆ ಹೊಸ ಸದ್ದಿಗೆ ಮರಿ ಹೆದರಿದಾಗ ತಲೆ ಎತ್ತುತ್ತವೆ. ಅಲ್ಲಿ ಚೆನ್ನಾಗಿತ್ತು ಅಂತ ನಿನಗೆ ಕಂಡದ್ದು ಅದಕ್ಕೇ.

ನಾನು ಇದನ್ನೆಲ್ಲ ಇಷ್ಟು ಜೋರಾಗಿ ಹೇಳುವುದಕ್ಕೆ ಕಾರಣ ಇದೆ. ನಿನ್ನ ಅಪ್ಪನಿಗೂ ಪೂರ್ತಿ ಗೊತ್ತಿಲ್ಲ. ಮದುವೆಗೆ ಮೊದಲು ನಾನು ಒಬ್ಬನೇ ಇದ್ದಾಗ ಒಂದು ಮರಿ ಸಾಕಿದ್ದೆ. ಬೂದು ಬಣ್ಣ, ಒಂದು ಕಿವಿ ಸ್ವಲ್ಪ ಮಡಚಿತ್ತು. ಬಂದ ವಾರದಲ್ಲೇ ವಾಂತಿ ಶುರುವಾಯಿತು, ಆಮೇಲೆ ಭೇದಿ. ನೀರಿನ ಬಟ್ಟಲಿನ ಮುಂದೆ ಕೂತು ತಲೆ ಬಗ್ಗಿಸಿಕೊಂಡಿರುತ್ತಿತ್ತು, ಕುಡಿಯುತ್ತಿರಲಿಲ್ಲ. ಗಲ್ಲ ನೀರಿಗೆ ತಾಗಿ ಒದ್ದೆಯಾಗಿರುತ್ತಿತ್ತು, ಅಷ್ಟೆ. ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆ ಅರ್ಧ ಕಣ್ಣಿಗೆ ಬಂದಿತ್ತು. ಡಾಕ್ಟರ ಹತ್ತಿರ ಹೋದೆವು, ಅವರೂ ಮಾಡುವಷ್ಟು ಮಾಡಿದರು. ಉಳಿಯಲಿಲ್ಲ. ಅದು ಬೆಕ್ಕಿನ ಪಾರ್ವೊ, ಪ್ಯಾನ್‌ಲ್ಯೂಕೋಪೀನಿಯಾ ಅಂತಾರೆ. ಅದರ ವೈರಸ್ ಒಳಗೆ ಹೊಕ್ಕ ಮೇಲೆ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 2ರಿಂದ 10 ದಿನ ಬೇಕು. ಅಂದರೆ ಅದೂ ಬಹುಶಃ ಬರುವಾಗಲೇ ತಂದಿತ್ತು. ಈ ಲೆಕ್ಕ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅಷ್ಟರಲ್ಲಿ ನಾನು ನನ್ನ ಕೈಗೆ ಪ್ರಾಣಿ ಆಗಿಬರುವುದಿಲ್ಲ ಅಂತ ತೀರ್ಮಾನ ಮಾಡಿ ಕೂತಿದ್ದೆ. ಮಕ್ಕಳು ಬೆಕ್ಕು ಬೇಕು ಅಂತ ಹಟ ಹಿಡಿದಾಗೆಲ್ಲ ಏನೋ ಒಂದು ನೆಪ. ನಿನ್ನ ಚಿಕ್ಕಮ್ಮ ಕೇಳಿದರೂ ಅಷ್ಟೇ. ಬೆಕ್ಕಿನ ಮುಖ ನೋಡದೆ ಆ ಮಕ್ಕಳು ಬೆಳೆದು ದೊಡ್ಡವರಾದರು. ಮರಿ ಸತ್ತದ್ದು ಈಗ ಅಷ್ಟು ನೋಯಿಸುವುದಿಲ್ಲ ಪುಟ್ಟಿ, ಇದು ನೋಯಿಸುತ್ತದೆ.

ಇರಲಿ, ನಿನ್ನ ಮರಿಗೆ ಪಾರ್ವೊ ಅಂತ ನಾನು ಹೇಳುತ್ತಿಲ್ಲ, ಹೆದರಬೇಡ. ತಿನ್ನುತ್ತಿದೆ, ಕರಿ ಮರಿಯ ಬಾಲ ಹಿಡಿಯಲು ಹಾರುತ್ತಿದೆ ಅಂತ ನೀನೇ ಬರೆದಿದ್ದೀಯ. ತಿನ್ನುವ ಆಡುವ ಮರಿಗೆ ಒಂದೆರಡು ಸಲ ಸಡಿಲವಾಗಿ ಆಗುವುದು ಬೇರೆ, ಮಂಕಾಗಿ ಮೂಲೆ ಹಿಡಿಯುವುದು ಬೇರೆ. ಆದರೆ ನಿನ್ನ ಮರಿಗೆ ಆಗಲೇ ಎರಡು ದಿನ ದಾಟಿದೆ. ಅಷ್ಟು ಪುಟ್ಟ ಮೈಯಲ್ಲಿ ನೀರು ಎಷ್ಟಿರುತ್ತದೆ? ನಾಳೆಯೇ ಎರಡನ್ನೂ ಡಾಕ್ಟರಿಗೆ ತೋರಿಸು, ಕರಿಯದ್ದು ಚೆನ್ನಾಗಿದ್ದರೂ ಸರಿ, ಒಂದಕ್ಕಿರುವ ಹುಳ ಇನ್ನೊಂದಕ್ಕೂ ಇದ್ದೇ ಇರುತ್ತದೆ ಅನ್ನು. ಬೆಳಗಿನ ಹೊಸ ಮಲ ಒಂಚೂರು ಮುಚ್ಚಳದ ಡಬ್ಬಿಯಲ್ಲಿ ತಗೊಂಡು ಹೋಗು. ನಗಬೇಡ, ಅದೇ ಮುಖ್ಯ. ಒಂದು ಸಲದ ಪರೀಕ್ಷೆಯಲ್ಲಿ ಜಿಯಾರ್ಡಿಯಾ ತಪ್ಪಿಸಿಕೊಳ್ಳುವುದೂ ಉಂಟು, ಮತ್ತೆ ತನ್ನಿ ಅಂದರೆ ಬೇಸರ ಮಾಡಿಕೊಳ್ಳಬೇಡ. ಹುಳದ ಔಷಧಿ ಯಾವಾಗ ಹಾಕಿದ್ದರು, ಲಸಿಕೆ ಆಗಿದೆಯಾ ಅಂತ ಮರಿ ಕೊಟ್ಟವರನ್ನು ಕೇಳಿಕೋ. ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, 3-4 ವಾರಕ್ಕೊಮ್ಮೆ, 16 ವಾರ ಆಗುವವರೆಗೂ ಬೀಳಬೇಕು.

ಹಾಲು ಹಾಕಿದೆ ಅಂತ ಬರೆದಿದ್ದೆ ಅಲ್ವಾ. ಬೈಯುತ್ತಿಲ್ಲ, ಎಲ್ಲರೂ ಅದನ್ನೇ ಮಾಡುವುದು. ತಾಯಿ ಬಿಟ್ಟ ಮೇಲೆ ಮರಿಗೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಕಡಿಮೆಯಾಗುತ್ತಾ ಹೋಗುತ್ತದೆ, ಅರಗದೆ ಉಳಿದದ್ದು ಕರುಳಿಗೆ ನೀರು ಎಳೆದುಕೊಳ್ಳುತ್ತದೆ, ಭೇದಿ ಜಾಸ್ತಿ. ಹಾಲು ನಿಲ್ಲಿಸು, ನೀರು ಇಡು. ಅಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಈಗಲೂ ಕೊಡು, ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕು ಸಲ. ಬೇರೆ ಆಹಾರಕ್ಕೆ ಹೋಗಬೇಕು ಅಂದರೆ ಹೊಟ್ಟೆ ಸರಿಯಾದ ಮೇಲೆ ಹಳೆಯದಕ್ಕೆ ಹೊಸದು ಬೆರೆಸುತ್ತಾ 7ರಿಂದ 10 ದಿನ ತಗೋ. ಹೊಟ್ಟೆಗೆ ವಿಶ್ರಾಂತಿ ಸಿಗಲಿ ಅಂತ ಉಪವಾಸ ಮಾತ್ರ ಕೆಡವಬೇಡ, ಇಷ್ಟು ಚಿಕ್ಕ ಮರಿಗೆ ರಕ್ತದ ಸಕ್ಕರೆ ಇಳಿದುಬಿಡುತ್ತದೆ.

ನೋಡು, ಬರೆಯುತ್ತಾ ಬರೆಯುತ್ತಾ ನಾನೇ ಡಾಕ್ಟರ್ ಆಗಿಬಿಟ್ಟೆ. ನನಗೆ ಗೊತ್ತಿರುವುದು ಇಷ್ಟೇ, ಅದೂ ಅಲ್ಲಿ ಇಲ್ಲಿ ಕೇಳಿದ್ದು, ಓದಿದ್ದು. ಅವರು ಏನು ಹೇಳುತ್ತಾರೋ ಅದೇ ಸರಿ ಅನ್ನು.

ನನಗೆ ಮತ್ತೆ ಮತ್ತೆ ಆ ಒಂದು ಮಾತೇ ಬರುತ್ತಿದೆ. ವಾಪಸ್ ಕೊಡಲಾ ಅಂತ ಕೇಳಿದ್ದೀಯ. ಕೊಟ್ಟರೆ ಮರಿಗೆ ಮತ್ತೊಂದು ಸಲ ಜಾಗ ಬದಲಾವಣೆ, ಮತ್ತೊಂದು ಸಲ ಹೆದರಿಕೆ, ಹೊಟ್ಟೆ ಇನ್ನೂ ಕೆಡುತ್ತದೆ. ಮರಿಗಂತೂ ಲಾಭವಿಲ್ಲ. ನಿನಗೆ? ಅಲ್ಲಿ ಅದು ಸತ್ತರೂ ನಿನಗೆ ಗೊತ್ತಾಗುವುದಿಲ್ಲ, ಅದಕ್ಕೇ ಕೊಡಬೇಕು ಅನ್ನಿಸುತ್ತಿದೆಯಾ? ಒರಟಾಗಿ ಕೇಳಿದೆ ಅಂದುಕೊಳ್ಳಬೇಡ. ನನ್ನೊಳಗೂ ಇದೇ ಇತ್ತು, ನನ್ನ ಕಣ್ಣೆದುರು ಆಗದಿದ್ದರೆ ಸಾಕು ಅನ್ನುವುದು. ಅದಕ್ಕೇ ಕೇಳುತ್ತಿದ್ದೇನೆ. ಮರಿ ಉಳಿದೇ ಉಳಿಯುತ್ತದೆ ಅಂತ ನಾನು ಬರೆದುಕೊಡಲಾರೆ, ಯಾರೂ ಬರೆದುಕೊಡಲಾರರು. ಹುಳ, ಆಹಾರ, ಹೆದರಿಕೆ, ಈ ಮೂರರಲ್ಲಿ ಒಂದಾಗಿದ್ದರೆ ಬೇಗ ಚೇತರಿಸಿಕೊಳ್ಳುತ್ತದೆ, ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಅಕಸ್ಮಾತ್ ಇಲ್ಲ ಅಂತಾದರೂ ಅದು ನಿನ್ನಿಂದ ಆದದ್ದಲ್ಲ ಕಣಮ್ಮ.

ರಾತ್ರಿ ಎದ್ದೆದ್ದು ಉಸಿರು ನೋಡುತ್ತೀನಿ ಅಂದೆಯಲ್ಲ, ಅದರ ಬದಲು ಬೆಳಿಗ್ಗೆ ಎರಡು ಕೆಲಸ ಮಾಡು. ಒಂದು, ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡು. ಈ ವಯಸ್ಸಿನಲ್ಲಿ ವಾರಕ್ಕೆ ಸುಮಾರು 100 ಗ್ರಾಂ ಏರಬೇಕು. ಒಂದೆರಡು ದಿನ ಏರದೆ ನಿಂತರೆ ಡಾಕ್ಟರಿಗೆ ಹೇಳು, ಇಳಿದರೆ ಕಾಯಬೇಡ. ಇನ್ನೊಂದು, ತುಟಿ ಎತ್ತಿ ವಸಡಿಗೆ ಬೆರಳು ತಾಗಿಸಿ ನೋಡು. ಒದ್ದೆಯಾಗಿ ಜಾರಿದರೆ ಸರಿ, ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ವಾಂತಿಯೂ ಸೇರಿಕೊಂಡರೆ, ರಕ್ತ ಕಂಡರೆ, ಊಟ ಬಿಟ್ಟರೆ, ಮಂಕಾದರೆ ಆ ಕ್ಷಣವೇ ಹೊರಡು. ರಾತ್ರಿಯಾದರೂ ಸರಿ.

ಮನೆಯಲ್ಲಿರುವ ಮನುಷ್ಯರ ಮಾತ್ರೆ ಮುಟ್ಟಬೇಡ. ಪ್ಯಾರಾಸಿಟಮಾಲ್ ಒಂದು ಚೂರೂ ಬೆಕ್ಕಿಗೆ ವಿಷ. ಭೇದಿ ನಿಲ್ಲಿಸುವ ಮಾತ್ರೆಯೂ ಬೇಡ. ಮರಳಿನ ತಟ್ಟೆ ಆದಷ್ಟು ಬೇಗ ಬೇಗ ತೆಗೆದು ತೊಳೆ, ಆಮೇಲೆ ಕೈ ಸೋಪು ಹಾಕಿ ತೊಳೆದುಕೋ. ಇದು ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರೆದೆ.

ಡಾಕ್ಟರ್ ಏನಂದರು ಅಂತ ನಾಳೆ ಸಂಜೆ ಫೋನ್ ಮಾಡು. ಪತ್ರ ಬರುವವರೆಗೆ ಕಾಯಲು ನನ್ನಿಂದಾಗದು.

ನಿನ್ನ,
ಚಿಕ್ಕಪ್ಪ

ಮರೆತಿದ್ದೆ. ನೀನು ಕಳಿಸಿದ ಫೋಟೋದಲ್ಲಿ ಮರಿಗಳ ಪಕ್ಕ ಉಲ್ಲನ್ ಉಂಡೆ ಇತ್ತು. ಅದನ್ನು ಎತ್ತಿಡು. ನುಂಗಿದ ದಾರ ಒಳಗೆ ಎಲ್ಲಾದರೂ ಸಿಕ್ಕಿಕೊಂಡರೆ ಕರುಳನ್ನು ಮುದುರಿಸಿ ಕೊಯ್ದೇ ಬಿಡುತ್ತದೆ. ಹಿಂದಿನಿಂದ ದಾರದ ತುದಿ ಇಣುಕಿದರೂ ಎಳೆಯಬೇಡ, ಹಾಗೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.