ಬಿಳಿ ಬೋರ್ಡ್ ಆದರೂ 80 ದಾಟದ ಕಾರು

ಸಂಪಾದಕರಿಗೆ,

ಮಾನ್ಯರೇ,

ಚೌತಿಗೆ ಊರಿಗೆ ಹೋಗಿಬರಲು ಅನುಕೂಲವೆಂದು ಮುಂಬಯಿ, ಠಾಣೆ ಕಡೆಯ ನಮ್ಮವರು ಹಳೆ ಟ್ಯಾಕ್ಸಿ ಕೊಂಡು ಬಿಳಿ ಬೋರ್ಡ್ ಮಾಡಿಸುವುದುಂಟು. ಪುಣೆ ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆಯೇ ಗೊತ್ತಾಗುವುದು, ಗಾಡಿ 80ರ ಮೇಲೆ ಏಳುವುದಿಲ್ಲ. ಟ್ಯಾಕ್ಸಿಯಾಗಿದ್ದಾಗ ಹಾಕಿದ ಗವರ್ನರ್, ಅಂದರೆ ವೇಗ ಮಿತಿ ಮೀರದಂತೆ ತಡೆಯುವ ಸಾಧನ, ಹಾಗೇ ಉಳಿದಿರುತ್ತದೆ. (ಗೋವಾ ಹೆದ್ದಾರಿ ಹಿಡಿಯುವವರಿಗೆ 80 ಸಿಗುವುದೇ ಅಪರೂಪ, ಅದು ಬೇರೆ ಮಾತು.) "ಒಂದು ವೈರ್ ಕಟ್ ಮಾಡಿದರಾಯ್ತು" ಎನ್ನುವ ಮೆಕ್ಯಾನಿಕ್‌ಗಳಿಗೇನೂ ಕಡಿಮೆಯಿಲ್ಲ. ಅವರು ಕತ್ತರಿಸುವುದು ಸ್ಪೀಡ್ ಸೆನ್ಸರ್ ವೈರನ್ನು. ಆಮೇಲೆ ಸ್ಪೀಡೋಮೀಟರ್ ಸತ್ತುಹೋಗುತ್ತದೆ, ಇಂಜಿನ್ ದೀಪ ಹತ್ತುತ್ತದೆ, ಸ್ಕ್ಯಾನರಿನಲ್ಲಿ ಪಿ0500 ಎಂಬ ದೋಷದ ಕೋಡ್ ಬರುತ್ತದೆ.

ಮೊದಲು ಅದು ಗವರ್ನರೇ ಹೌದೋ ನೋಡಿ. ಮೂರನೇ, ನಾಲ್ಕನೇ, ಐದನೇ ಯಾವ ಗೇರಿನಲ್ಲಾದರೂ ಸರಿಯಾಗಿ 80ಕ್ಕೇ ಎಳೆತ ನಿಂತರೆ ಗವರ್ನರ್. ಒಮ್ಮೆ 75, ಒಮ್ಮೆ 90, ಏರಿನಲ್ಲಿ ಇನ್ನೂ ಕಡಿಮೆ ಎಂದಾದರೆ ಫ್ಯುಯೆಲ್ ಫಿಲ್ಟರೋ ಏರ್ ಫಿಲ್ಟರೋ ಕಟ್ಟಿರಬೇಕು.

ಗವರ್ನರ್ ಎಂದು ಖಾತ್ರಿಯಾದರೆ ಆಕ್ಸಿಲರೇಟರ್ ಪೆಡಲ್ ಪ್ಲಗ್ಗಿನಿಂದ ವೈರಿನ ಜಾಡು ಹಿಡಿಯಿರಿ. ನಡುವೆ ಸೀಲ್ ಹಾಕಿದ ಪೆಟ್ಟಿಗೆ ಸಿಕ್ಕಿದರೆ ಅದು ಹೊರಗಿನಿಂದ ಕೂಡಿಸಿದ ಗವರ್ನರ್. ಬ್ಯಾಟರಿಯ ಮೈನಸ್ ಬಿಚ್ಚಿ, ಪೆಟ್ಟಿಗೆಯನ್ನು ಅದರ ವೈರಿಂಗ್ ಸಮೇತ ತೆಗೆದು, ಪೆಡಲಿನ ಮೂಲ ಪ್ಲಗ್ಗನ್ನು ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ವೈರ್ ಕತ್ತರಿಸಿ ಜೋಡಿಸಿದ್ದರೆ ಬೆಸುಗೆ ಹಾಕಿ ಹೀಟ್‌ಶ್ರಿಂಕ್ (ಬಿಸಿ ತಾಗಿದರೆ ಬಿಗಿಯುವ ಕೊಳವೆ) ತೊಡಿಸಬೇಕು. ತಿರುಚಿ ಟೇಪ್ ಸುತ್ತಿದ್ದು ನಮ್ಮ ಮಳೆಗಾಲದಲ್ಲಿ ಹಸಿರುಗಟ್ಟುತ್ತದೆ. ಪೆಡಲಿನೊಳಗೆ ಎರಡು ಸೆನ್ಸರ್‌ಗಳಿವೆ, ಅನೇಕ ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಇಮ್ಮಡಿ. ಜೋಡಣೆ ಕೆಟ್ಟು ಈ ಲೆಕ್ಕ ತಪ್ಪಿದರೆ ಪಿ2138 ಕೋಡ್ ಬಂದು ಗಾಡಿ ನಡುರಸ್ತೆಯಲ್ಲೇ ಆಮೆಯಾಗುತ್ತದೆ. ಹಳೆ ಡೀಸೆಲ್ ಗಾಡಿಗಳಲ್ಲಿ ಇಂಧನ ಪೈಪಿಗೇ ವಾಲ್ವ್ ಇರುವುದುಂಟು. ಅದನ್ನು ತೆಗೆದಲ್ಲಿ ಇಂಧನದ್ದೇ ಹೋಸ್, ಎರಡೂ ತುದಿಗೆ ಕ್ಲ್ಯಾಂಪ್ ಹಾಕಿ ಗಾಳಿ ತೆಗೆಯಬೇಕು.

ಪೆಟ್ಟಿಗೆಯೂ ವಾಲ್ವೂ ಇಲ್ಲದಿದ್ದರೆ ಮಿತಿ ಇರುವುದು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಒಳಗೆ. ಅದು ಕಂಪನಿಯ ಸರ್ವಿಸ್ ಸೆಂಟರಿನವರ ಕೆಲಸ. ಅದಕ್ಕೆ ಬೇರೆ ಗಾಡಿಯ ಸಾಫ್ಟ್‌ವೇರ್ ಫೈಲ್ ತುಂಬುವವರ ಕೈಗೆ ಕೊಡಬೇಡಿ.

ಇದೆಲ್ಲ ಆರ್‌ಸಿಯಲ್ಲಿ ಖಾಸಗಿ ಎಂದು ಬದಲಾದ ಮೇಲೆ ಮಾತ್ರ. ಹಳದಿ ಬೋರ್ಡಿನ ಗಾಡಿಯಲ್ಲಿ ಗವರ್ನರ್ ತೆಗೆದರೆ ಫಿಟ್‌ನೆಸ್ ಸರ್ಟಿಫಿಕೇಟ್ ಸಿಗದು. ಮೋಟಾರು ವಾಹನ ಕಾಯ್ದೆಯ 182ಎ(4)ರಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ತೆಗೆಸಿದ ಮೇಲೂ ಎಕ್ಸ್‌ಪ್ರೆಸ್‌ವೇಯ ಸಮತಟ್ಟಿನಲ್ಲಿ ಕಾರಿನ ಮಿತಿ 100, ಘಾಟಿಯಲ್ಲಿ ಅದಕ್ಕಿಂತ ಕಡಿಮೆ. 94.5 ಕಿ.ಮೀ. ಪೂರ್ತಿ 100ರಲ್ಲೇ ಓಡಿಸಿದರೂ ಉಳಿಯುವುದು 14 ನಿಮಿಷ. 80ರಲ್ಲಿ ಬ್ರೇಕ್ ಒತ್ತಿದ ಮೇಲೆ 35 ಮೀಟರಿನಲ್ಲಿ ನಿಲ್ಲುವ ಗಾಡಿಗೆ 100ರಲ್ಲಿ 55 ಮೀಟರ್ ಬೇಕು. ಹಾಗಾಗಿ ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಬದಲಿಸಿ, ಟೈರಿನ ಪಕ್ಕದ ನಾಲ್ಕು ಅಂಕಿಗಳಲ್ಲಿ (2319 ಎಂದರೆ 2019ರ 23ನೇ ವಾರ) ವಯಸ್ಸು ನೋಡಿ.

ಬಿಳಿ ಬೋರ್ಡಿಗೆ ಅರ್ಜಿ ಬಂದಾಗಲೇ ಗವರ್ನರ್ ಪೆಟ್ಟಿಗೆಯಲ್ಲಿದೆಯೋ ಇಸಿಯುನಲ್ಲಿದೆಯೋ ಎಂದು ಆರ್‌ಟಿಒ ಒಂದು ಸಾಲು ಬರೆದುಕೊಟ್ಟರೆ ಕತ್ತರಿ ಹಿಡಿದವರ ಹತ್ತಿರ ಯಾರೂ ಹೋಗಬೇಕಾಗಿಲ್ಲ.

ಇಂತಿ,
ಕಾರು ಎಲೆಕ್ಟ್ರಿಷಿಯನ್, ಡೊಂಬಿವಲಿ