ದ್ರವ ಸಾರಜನಕದ ಓವರ್‌ಕ್ಲಾಕಿಂಗ್: ಕೋಣೆಯ ಗಾಳಿಯ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ದ್ರವ ಸಾರಜನಕ ಸುರಿದು ಪ್ರೊಸೆಸರ್‌ನ ವೇಗ ಏರಿಸುವ ಓವರ್‌ಕ್ಲಾಕಿಂಗ್ ಕುರಿತು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನಕ್ಕೆ ಈ ಪ್ರತಿಕ್ರಿಯೆ. ದಾಖಲೆಗಳ ವಿವರವೂ ಬಿಳಿ ಹಬೆಯ ಚಿತ್ರಗಳೂ ಅದರಲ್ಲಿದ್ದವು. ಅಪಾಯದ ಬಗ್ಗೆ ಇದ್ದದ್ದು ‘ಕೈಗವಸು ಧರಿಸಬೇಕು’ ಎಂಬ ಒಂದು ಸಾಲು ಮಾತ್ರ. ಮನೆಯಲ್ಲೇ ಮಾಡಿ ನೋಡುವ ಆಸೆಯಿರುವ ವಿದ್ಯಾರ್ಥಿಗಳು ಅದನ್ನು ಓದಿರುತ್ತಾರೆ. ಈ ಕೆಲಸದಲ್ಲಿ ಜೀವಕ್ಕೆ ಸಂಚಕಾರ ತರುವುದು ಕೋಣೆಯ ಗಾಳಿ; ಯಂತ್ರಕ್ಕೆ ಸಂಚಕಾರ ತರುವುದು ನೀರು. ಕೈ ಸುಡುವ ಚಳಿ ಇವೆರಡರ ನಂತರದ್ದು.

ದ್ರವ ಸಾರಜನಕ ಕುದಿಯುವುದು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. 400 ವಾಟ್ ಶಾಖ ಹೊರಹಾಕುವ ಪ್ರೊಸೆಸರ್ ಒಂದು ಲೀಟರನ್ನು ಏಳು ನಿಮಿಷದೊಳಗೆ ಮುಗಿಸುತ್ತದೆ; ದ್ರವ ಸುರಿಯಲು ಪ್ರೊಸೆಸರ್ ಮೇಲೆ ಕೂರಿಸುವ ತಾಮ್ರದ ಪಾತ್ರೆಯನ್ನು ತಣಿಸಲು ಹೋಗುವುದು, ಸುರಿಯುವಾಗ ಚೆಲ್ಲುವುದು ಸೇರಿದರೆ ತಾಸಿಗೆ ಹತ್ತು ಲೀಟರ್ ಸುಲಭವಾಗಿ ಖರ್ಚಾಗುತ್ತದೆ. ಈಗ ಉದ್ದ, ಅಗಲ, ಎತ್ತರ ಮೂರೂ ಮೂರು ಮೀಟರ್ ಇರುವ ಮುಚ್ಚಿದ ಕೋಣೆಯನ್ನು ತೆಗೆದುಕೊಳ್ಳಿ. ಅದರಲ್ಲಿರುವುದು 27,000 ಲೀಟರ್ ಗಾಳಿ, ಅದರಲ್ಲಿ ಆಮ್ಲಜನಕ ಶೇ 20.9. ಮೂರು ಲೀಟರ್ ದ್ರವ ಖರ್ಚಾಗುವಷ್ಟರಲ್ಲೇ ಆಮ್ಲಜನಕ ಸುರಕ್ಷತೆಯ ಮಿತಿಯಾದ ಶೇ 19.5ಕ್ಕಿಂತ ಕೆಳಗೆ ಇಳಿದಿರುತ್ತದೆ. ಹತ್ತು ಲೀಟರ್ ಮುಗಿಯುವ ಹೊತ್ತಿಗೆ ಅದು ಶೇ 16ರ ಆಸುಪಾಸು. ಅಲ್ಲಿ ಮೊದಲು ಕೆಡುವುದು ವಿವೇಚನೆ ಮತ್ತು ಕೈಗಳ ಹಿಡಿತ, ಅಂದರೆ ಸುರಿಯುವವನಿಗೆ ಅತ್ಯಗತ್ಯವಾಗಿ ಬೇಕಾದವೇ.

ಇದು ಗೊತ್ತೇ ಆಗುವುದಿಲ್ಲ ಎನ್ನುವುದು ಇನ್ನೂ ಕೆಟ್ಟದ್ದು. ಉಸಿರುಗಟ್ಟಿದ ಅನುಭವ ಬರುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಸಾರಜನಕ ತುಂಬಿದ ಕೋಣೆಯಲ್ಲಿ ಅದು ಎಂದಿನಂತೆ ಉಸಿರಿನೊಂದಿಗೆ ಹೊರಹೋಗುತ್ತಿರುತ್ತದೆ. ಹಾಗಾಗಿ ಒದ್ದಾಟವಿಲ್ಲ, ವಾಸನೆಯಿಲ್ಲ, ನೇರವಾಗಿ ಎಚ್ಚರ ತಪ್ಪುತ್ತದೆ. ಕಣ್ಣಿಗೆ ಕಾಣುವ ಬಿಳಿ ಮಂಜು ಗಾಳಿಯಲ್ಲಿದ್ದ ತೇವಾಂಶವಷ್ಟೇ. ಮಂಜು ಕರಗಿದ ಮಾತ್ರಕ್ಕೆ ಅನಿಲ ಹೋಯಿತೆಂದಲ್ಲ.

ಆದ್ದರಿಂದ ಪ್ರೊಸೆಸರ್‌ಗೂ ಮೊದಲು ಕೊಳ್ಳಬೇಕಾದದ್ದು ಶೇ 19.5ಕ್ಕೆ ಕೂಗುವ ಆಮ್ಲಜನಕ ಮಾಪಕ. ಎದುರುಬದುರಿನ ಬಾಗಿಲು ಕಿಟಕಿ ತೆರೆದಿರಬೇಕು, ಫ್ಯಾನು ಗಾಳಿಯನ್ನು ಹೊರಕ್ಕೆ ತಳ್ಳುತ್ತಿರಬೇಕು. ಮನೆಗಳ ಏರ್ ಕಂಡಿಷನರ್ ಸಾಮಾನ್ಯವಾಗಿ ಒಳಗಿನ ಗಾಳಿಯನ್ನೇ ತಿರುಗಿಸುವುದರಿಂದ ಅದು ಲೆಕ್ಕಕ್ಕಿಲ್ಲ. ಇನ್ನೊಬ್ಬರು ಬಾಗಿಲ ಹೊರಗೆ ನಿಂತು ನೋಡುತ್ತಿರಲಿ. ಒಳಗೆ ಯಾರಾದರೂ ಕುಸಿದರೆ ಎತ್ತಲು ಸೀದಾ ನುಗ್ಗಬಾರದು. ತಣ್ಣನೆಯ ಅನಿಲ ನೆಲಮಟ್ಟದಲ್ಲೇ ದಟ್ಟವಾಗಿರುತ್ತದೆ, ಬಗ್ಗಿದವರೂ ಬೀಳುತ್ತಾರೆ. ದ್ರವ ತುಂಬಿದ ಡ್ಯೂವರ್ ಪಾತ್ರೆಯನ್ನು (ಹೊರಗಿನ ಶಾಖ ತಡೆಯುವ ಎರಡು ಗೋಡೆಯ ಪಾತ್ರೆ) ಲಿಫ್ಟಿನಲ್ಲಿ ಸಾಗಿಸುವಾಗ ಜೊತೆಗೆ ಯಾರೂ ಹತ್ತಬಾರದು. ಅದರ ಬಾಯಿಯನ್ನು ಬಿಗಿಯಾಗಿ ಮುಚ್ಚಬಾರದು. ತಿರುಪಿನ ಮುಚ್ಚಳವಿರುವ ಮನೆಬಳಕೆಯ ಫ್ಲಾಸ್ಕಿನಲ್ಲಿ ತುಂಬಿದರೆ ಒತ್ತಡ ಏರಿ ಸಿಡಿಯುತ್ತದೆ.

ದ್ರವ ಸಾರಜನಕದ ಬದಲು ಬಳಸುವ ಡ್ರೈ ಐಸ್, ಅಂದರೆ ಘನರೂಪದ ಇಂಗಾಲದ ಡೈಆಕ್ಸೈಡ್, ಸೌಮ್ಯ ಎಂಬ ಭಾವನೆ ಹಲವರಲ್ಲಿದೆ. ಮೈನಸ್ 78.5 ಡಿಗ್ರಿ ಎಂಬುದಷ್ಟೇ ಸೌಮ್ಯ. ಒಂದು ಕಿಲೋದಿಂದ 500 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ, ಮತ್ತು ಅದು ತಾನೇ ವಿಷಕಾರಿ. ಕೆಲಸದ ಸ್ಥಳಗಳಲ್ಲಿ ಅದಕ್ಕಿರುವ ಮಿತಿ ಶೇ 0.5. ಐಸ್ ತುಂಡುಗಳು ಪಾತ್ರೆಯ ತಳಕ್ಕೆ ಸರಿಯಾಗಿ ತಾಗಲೆಂದು ಅಸಿಟೋನ್ ಬೆರೆಸುವ ರೂಢಿಯೂ ಇದೆ. ಅದರ ಆವಿಗೆ ಒಂದು ಕಿಡಿ ಸಾಕು, ಪಕ್ಕದಲ್ಲೇ ಪವರ್ ಸಪ್ಲೈ ಇರುತ್ತದೆ.

ಇನ್ನು ನೀರು. 27 ಡಿಗ್ರಿ ಉಷ್ಣತೆ, ಶೇ 70 ತೇವಾಂಶವಿರುವ ಗಾಳಿಯಲ್ಲಿ 21 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯಲ್ಲೂ ಹನಿ ಕಟ್ಟುತ್ತದೆ. ಯಂತ್ರ ಓಡುತ್ತಿರುವಾಗ ಅದು ಗಟ್ಟಿ ಹಿಮವಾಗಿರುವುದರಿಂದ ಅಷ್ಟಾಗಿ ಕಾಡುವುದಿಲ್ಲ. ಕರಗಲು ಶುರುವಾದಾಗಲೇ ಮದರ್‌ಬೋರ್ಡ್‌ಗೆ ಗಂಡಾಂತರ. ಪ್ರೊಸೆಸರ್ ಕೂರುವ ಸಾಕೆಟ್ ಸುತ್ತ ಮಾತ್ರವಲ್ಲ, ಅದರ ಹಿಂಬದಿಗೂ ರಕ್ಷಣೆ ಬೇಕು, ಏಕೆಂದರೆ ಬೋರ್ಡಿನೊಳಗಿನ ತಾಮ್ರದ ಪದರಗಳ ಮೂಲಕ ಚಳಿ ಆಚೆ ಬದಿಗೆ ಹೋಗುತ್ತದೆ. ಮೊದಲು ನೀರು ತಡೆಯುವ ಲೇಪನ, ಅದು ಒಣಗಿದ ಮೇಲೆ ಚಿತ್ರಕಾರರು ಬಳಸುವ ಮೆತ್ತನೆಯ ನಾದುವ ರಬ್ಬರನ್ನು ಬಿಡಿಭಾಗಗಳ ನಡುವೆ ಗಾಳಿ ಉಳಿಯದಂತೆ ಒತ್ತುವುದು, ಅದರ ಮೇಲೆ ನಿಯೋಪ್ರೀನ್ ಫೋಮ್. ಪಾತ್ರೆಯ ಬುಡಕ್ಕೆ ಕಾಗದದ ಟವೆಲ್ ಸುತ್ತಿ, ಒದ್ದೆಯಾದಂತೆ ಬದಲಿಸಬೇಕು.

ಪಾತ್ರೆಯ ಹೊರಮೈಯನ್ನೂ ಫೋಮಿನಿಂದ ಮುಚ್ಚಬೇಕು, ಅದಕ್ಕೆ ಬೇರೆಯೇ ಕಾರಣವಿದೆ. ಆಮ್ಲಜನಕ ದ್ರವವಾಗುವುದು ಮೈನಸ್ 183ರಲ್ಲಿ. ಅದಕ್ಕಿಂತಲೂ ತಣ್ಣಗೆ, ದ್ರವ ಸಾರಜನಕದ ಉಷ್ಣತೆಯ ಹತ್ತಿರವಿರುವ ಬರಿಯ ತಾಮ್ರದ ಮೇಲೆ ಗಾಳಿಯೇ ದ್ರವವಾಗಿ, ಆಮ್ಲಜನಕ ಹೆಚ್ಚಿರುವ ಹನಿಗಳು ತೊಟ್ಟಿಕ್ಕುತ್ತವೆ. ಗ್ರೀಸ್ ಅಥವಾ ಅಸಿಟೋನ್ ತಾಗಿದ ಬಟ್ಟೆಯ ಮೇಲೆ ಅವು ಬಿದ್ದರೆ ಬೆಂಕಿ ಬಲು ಬೇಗ ಹತ್ತುತ್ತದೆ.

ಇಷ್ಟೆಲ್ಲ ಮಾಡಿದರೆ ಸಿಗುವುದೇನು? ಸಿಗುವುದು ನಿಜ. ಉಷ್ಣತೆ ಇಳಿದಂತೆ ಟ್ರಾನ್ಸಿಸ್ಟರ್‌ಗಳಲ್ಲಿ ಸೋರುವ ವಿದ್ಯುತ್ ಕಡಿಮೆಯಾಗುತ್ತದೆ, ಲೋಹದ ತಂತುಗಳ ರೋಧ ತಗ್ಗುತ್ತದೆ, ಹಾಗಾಗಿ ಮಾಮೂಲಿ ಕೂಲರ್‌ನಲ್ಲಿ ಊಹಿಸಲಾಗದ ವೋಲ್ಟೇಜ್ ಕೊಡಬಹುದು. ವೋಲ್ಟೇಜ್‌ನ ವರ್ಗಕ್ಕೂ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೂ) ವೇಗಕ್ಕೂ ತಕ್ಕಂತೆ ಶಾಖ ಬೆಳೆಯುತ್ತದೆ: 1.3ರಿಂದ 1.8 ವೋಲ್ಟ್‌ಗೆ, 5ರಿಂದ 7 ಗಿಗಾಹರ್ಟ್ಸ್‌ಗೆ ಏರಿಸಿದರೆ ಎರಡೂವರೆ ಪಟ್ಟಿಗೂ ಹೆಚ್ಚು. ಅದನ್ನು ಹೊರಗೆಳೆಯಲು ಇಂಥ ಚಳಿಯೇ ಬೇಕು. 2011ರಲ್ಲಿ ಎಎಂಡಿ ಕಂಪನಿಯ ಎಫ್‌ಎಕ್ಸ್-8150 ಪ್ರೊಸೆಸರ್ ಮುಟ್ಟಿದ್ದು 8.429 ಗಿಗಾಹರ್ಟ್ಸ್, 2022ರ ಕೊನೆಗೆ ದ್ರವ ಹೀಲಿಯಂ ಸುರಿದು ಇಂಟೆಲ್ ಕೋರ್ ಐ9-13900ಕೆ ಚಿಪ್ಪನ್ನು 9.008ಕ್ಕೆ ಏರಿಸಿದರು. ಹನ್ನೊಂದು ವರ್ಷಕ್ಕೆ ಶೇ 7ರಷ್ಟು ಏರಿಕೆ. ಅಂಥ ವೇಗ ನಿಲ್ಲುವುದು ದಾಖಲೆಯನ್ನು ದೃಢೀಕರಿಸುವಷ್ಟು ಹೊತ್ತು. ಆದರೂ ಬೋರ್ಡಿನ ವಿದ್ಯುತ್ ಪೂರೈಕೆ, ಮೆಮೊರಿ ಜೋಡಣೆ ಎಲ್ಲಿ ಸೋಲುತ್ತದೆ ಎಂಬುದು ಇಂಥ ಪ್ರಯೋಗದಲ್ಲಿ ಬಯಲಾಗುತ್ತದೆ. ವಿನ್ಯಾಸಕಾರರಿಗೆ ಅದು ಬೆಲೆಯುಳ್ಳ ಮಾಹಿತಿ, ಆ ಕಾರಣಕ್ಕೇ ಈ ಹವ್ಯಾಸವನ್ನು ನಾನು ಗೌರವಿಸುತ್ತೇನೆ.

ಮಾಡುವವರು ಉಷ್ಣತೆ ಅಳೆಯುವ ಕೆ ಮಾದರಿಯ ಥರ್ಮೋಕಪಲ್ ತಂತಿಯನ್ನು ಪಾತ್ರೆಯ ತಳದ ರಂಧ್ರದಲ್ಲಿಟ್ಟು, ಸೊನ್ನೆಯ ಆಸುಪಾಸಿನಲ್ಲಿ ಯಂತ್ರವನ್ನು ಬೂಟ್ ಮಾಡಿ, ಒಂದು ಸಲಕ್ಕೆ 20–30 ಡಿಗ್ರಿಯಂತೆ ಇಳಿಯಬೇಕು. ಒಮ್ಮೆಗೆ ಸುರಿಯುವುದು 50ರಿಂದ 100 ಮಿಲಿಲೀಟರ್ ಸಾಕು. ಪ್ರತಿ ಚಿಪ್ಪಿಗೂ ತನ್ನದೇ ತಳಮಿತಿ ಇರಬಹುದು. ಅದಕ್ಕಿಂತ ಕೆಳಗೆ ಅದು ಸ್ತಬ್ಧವಾಗುತ್ತದೆ, ಕೆಲವು ಮರಳಿ ಬೂಟ್ ಆಗಲು ಇನ್ನಷ್ಟು ಬೆಚ್ಚಗಾಗಬೇಕು. ಆಗ ವೋಲ್ಟೇಜ್ ಏರಿಸುವುದು ತಪ್ಪು. 15–20 ಡಿಗ್ರಿ ಬಿಸಿಯಾಗಲು ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಪಾತ್ರೆ ತಣ್ಣಗಿದ್ದೂ ಕೋರ್ ಉಷ್ಣತೆ ಏರುತ್ತಿದ್ದರೆ ಎರಡರ ನಡುವೆ ಶಾಖ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು; ನಿಲ್ಲಿಸಿ ಮತ್ತೆ ಹಚ್ಚುವುದೊಂದೇ ದಾರಿ. ದ್ರವಲೋಹದ ಪೇಸ್ಟ್ ಇಲ್ಲಿ ನಿಷಿದ್ಧ, ಗ್ಯಾಲಿಯಂ-ಇಂಡಿಯಂ-ತವರದ ಮಿಶ್ರಣ ಮೈನಸ್ 19ರ ಸುಮಾರಿಗೇ ಹೆಪ್ಪುಗಟ್ಟುತ್ತದೆ. ಬೇಗ ಬಿಸಿ ಮಾಡಲು ಬ್ಲೋ ಟಾರ್ಚ್ ಹಿಡಿದರೆ ಬೆಸುಗೆಗಳು ಅಸಮವಾಗಿ ಹಿಗ್ಗಿ ಸೀಳಬಹುದು. ಮುಗಿದ ಮೇಲೆ ವಿದ್ಯುತ್ ತಂತಿ ಕಿತ್ತು, ಬೆಚ್ಚಗಿನ ಗಾಳಿ ಬೀಸಿ, ನೀರು ಒರೆಸಿ, ಇಡೀ ರಾತ್ರಿ ಒಣಗಿಸದೆ ಯಂತ್ರ ಆನ್ ಮಾಡಲೇಬಾರದು.

ಕೈಗವಸಿನ ವಿಷಯಕ್ಕೆ ಬಂದರೆ, ಅದು ಶೀತದ ಕೆಲಸಕ್ಕೆಂದೇ ಮಾಡಿದ, ಕೊಡವಿದರೆ ಕಳಚುವಷ್ಟು ಸಡಿಲವಾದದ್ದಾಗಿರಬೇಕು. ಹತ್ತಿಯದು ದ್ರವ ಹೀರಿ ಚರ್ಮಕ್ಕೆ ಅಂಟಿಕೊಳ್ಳುವುದರಿಂದ ಬರಿಗೈಗಿಂತ ಕೆಟ್ಟದ್ದು. ಮುಖಕ್ಕೆ ಪೂರ್ಣ ಕವಚ ಬೇಕು, ಪ್ಯಾಂಟು ಬೂಟಿನ ಹೊರಗಿರಬೇಕು. ಚರ್ಮ ಸುಟ್ಟರೆ ಉಜ್ಜದೆ, 37–40 ಡಿಗ್ರಿಯ ನೀರಿನಲ್ಲಿಟ್ಟು ವೈದ್ಯರ ಬಳಿ ಹೋಗಬೇಕು.

ದಿನನಿತ್ಯದ ಕೆಲಸಕ್ಕೆ ಇದಾವುದೂ ಬೇಡ. ಮೈನಸ್ 40–50ರಲ್ಲಿ ಓಡುವ ಕಂಪ್ರೆಸರ್ ಕೂಲರ್ ಕೂಡ ಹನಿಯ ಸಮಸ್ಯೆಯನ್ನು ಹಾಗೆಯೇ ಉಳಿಸಿಕೊಂಡು ವಿದ್ಯುತ್ ನುಂಗುತ್ತದೆ. ಹನಿ ಕಟ್ಟುವ ಉಷ್ಣತೆಯನ್ನು ಸಂವೇದಕದಿಂದ ಅಳೆದು, ಅದಕ್ಕಿಂತ ತುಸು ಮೇಲೆಯೇ ನಿಲ್ಲುವ ಕೂಲರ್‌ಗಳಷ್ಟೇ ಗಂಟೆಗಟ್ಟಲೆ ಬಳಕೆಗೆ ಯೋಗ್ಯ.

ಈ ವಿಷಯದ ಮುಂದಿನ ಬರಹದಲ್ಲಿ ಗಿಗಾಹರ್ಟ್ಸ್ ಪಕ್ಕದಲ್ಲೇ ಖರ್ಚಾದ ದ್ರವ ಎಷ್ಟು ಲೀಟರ್, ಕೋಣೆಯ ಅಳತೆ ಎಷ್ಟು, ಗಾಳಿ ಹೇಗೆ ಹೊರಹೋಗುತ್ತಿತ್ತು ಎಂಬುದನ್ನೂ ದಯವಿಟ್ಟು ಅಚ್ಚು ಮಾಡಿ.

– ಕಂಪ್ಯೂಟರ್ ಹಾರ್ಡ್‌ವೇರ್ ತಂತ್ರಜ್ಞ